ಶೇಖವ್ವ ಕಸ ಕಾಯ್ದದ್ದು

ಶೇಖವ್ವನ ಕೈ ಕಸ ಕಂಡರೆ ಸುಮ್ಮನಿರುವುದಿಲ್ಲ. ನಮ್ಮ ಕಡೆ ಕಸವೆಂದರೆ ಮನೆ ಗುಡಿಸಿದ್ದಷ್ಟೇ ಅಲ್ಲ, ಬೆಳೆಯ ನಡುವೆ ಕರೆಯದೆ ಬಂದು ಕೂಡುವ ಹುಲ್ಲು ಗಿಡ ಎಲ್ಲವೂ ಕಸವೇ. ನಲವತ್ತು ವರ್ಷ ಅವಳು ಅದನ್ನು ಕಿತ್ತಿದ್ದಾಳೆ. ಶಿರಹಟ್ಟಿಯಿಂದ ಲಕ್ಷ್ಮೇಶ್ವರದ ತನಕ ಯಾರ ಹೊಲದಲ್ಲಿ ಉಳ್ಳಾಗಡ್ಡಿ ಇರಲಿ, ಶೇಂಗಾ ಇರಲಿ, ನಮ್ಮ ಹತ್ತು ಮಂದಿ ಹೆಂಗಸರ ಗುಂಪು ಕಸ ಕೀಳುವ ಕುರ್ಚಿಗಿ ಹಿಡಿದು ಕುಕ್ಕುರುಗಾಲಲ್ಲಿ ಕೂತಿತೆಂದರೆ ಮೊದಲನೆಯ ಸಾಲು ಶೇಖವ್ವನದು. ಉಳಿದವರು ಅವಳ ಹಿಂದೆ. ಅವಳು ದಾಟಿ ಹೋದ ಸಾಲಿನಲ್ಲಿ ಒಂದು ಹುಲ್ಲಿನ ಎಸಳು ಸಿಕ್ಕಬೇಕೆಂದರೆ ಹಗಲಿನಲ್ಲಿ ದೀಪ ಹಚ್ಚಬೇಕು.

ಹೊಲದಲ್ಲಿ ಇದು ದೊಡ್ಡ ಗುಣ. ಹೊಲದ ಹೊರಗೆ ಸ್ವಲ್ಪ ಕಷ್ಟ.

ಮಗನಿಗೆ ಹೆಣ್ಣು ನೋಡಲು ಹೋದಾಗ, ಹಿರಿಯರು ಒಳಗೆ ಮಾತುಕತೆ ನಡೆಸಿರುವಷ್ಟರಲ್ಲಿ ಇವಳು ಹಿತ್ತಲಿನ ಕೊತ್ತಂಬರಿ ಮಡಿಯ ಕಸ ಮುಗಿಸಿ ಬಂದಿದ್ದಳು. ಸಂಬಂಧ ಕೂಡಿತು. ಇಂಥ ಅತ್ತೆ ಇದ್ದರೆ ಹುಡುಗಿಗೆ ಕೆಲಸವೇ ಉಳಿಯುವುದಿಲ್ಲ ಎಂದು ಬೀಗರು ಖುಷಿಪಟ್ಟರು. ಇನ್ನೊಂದು ಸಲ ಗದಗದಲ್ಲಿ ಒಬ್ಬ ಡಾಕ್ಟರರ ಬಂಗಲೆಯ ಮುಂದೆ ಸರದಿ ಕಾಯುತ್ತ ಕೂತಿದ್ದಳು. ಡಾಕ್ಟರರು ದೂರದಿಂದ ತರಿಸಿ ಅಂಗಳಕ್ಕೆಲ್ಲ ಹುಲ್ಲು ಹಾಸಿದ್ದರು. ಮಾಲಿ ನೋಡುವಷ್ಟರಲ್ಲಿ ಒಂದು ಹೊರಸಿನಷ್ಟು ಅಗಲ ಬಯಲಾಗಿತ್ತು. ಕಿತ್ತ ಹುಲ್ಲನ್ನು ಬೇರಿನ ಮಣ್ಣು ಝಾಡಿಸಿ ಒಪ್ಪವಾಗಿ ಗುಡ್ಡೆ ಹಾಕಿದ್ದಳು. ಮಾಲಿ ಬೊಬ್ಬೆ ಹೊಡೆಯುತ್ತ ಓಡಿ ಬಂದರೆ, "ಇರಲಿ ಬಿಡಪಾ, ಚಾ ಪಾ ಏನೂ ಬ್ಯಾಡ. ಯಾರೂ ತಗದಿದ್ದಿಲ್ಲ, ನೋಡಾಕ ಆಗಲಿಲ್ಲ ನನಗ" ಎಂದಳಂತೆ.

ಇಂಥವಳನ್ನು ನಾವು ಕಸ ಕಾಯಲು ಇಟ್ಟೆವು. ಇಡಬೇಕೆಂದು ಹೇಳಿದವಳು ನಾನೇ.

ಆದದ್ದು ಹೀಗೆ. ಹೋದ ವರ್ಷದಿಂದ ಶೇಖವ್ವನ ಎಡ ಮೊಣಕಾಲು ಅವಳ ಮಾತು ಕೇಳುವುದನ್ನು ಬಿಟ್ಟಿತು. ಕಸ ತೆಗೆಯುವುದೆಂದರೆ ಮುಂಜಾನೆಯಿಂದ ಸಂಜೆಯ ತನಕ ಕುಕ್ಕುರುಗಾಲಲ್ಲೇ ಮುಂದೆ ಮುಂದೆ ಸರಿಯುವುದು. ಇನ್ನು ಹಾಗೆ ಕೂಡಲೇಬಾರದು ಎಂದು ಡಾಕ್ಟರರು ಹೇಳಿದರು. ಮೊದಲನೆಯ ಸಾಲು ಮಾಸುಮಬಿಯ ಪಾಲಾಯಿತು. ಮಾಸುಮಬಿ ನಮ್ಮ ಗುಂಪಿನಲ್ಲಿ ಶೇಖವ್ವನ ನಂತರದವಳು, ಬಾಯಲ್ಲಿ ಮಾತ್ರ ಅವಳಿಗಿಂತ ಮುಂದಿನವಳು. ಶೇಖವ್ವ ಮನೆಯಲ್ಲಿ ಕೂತಳು. ಕೂತ ಹದಿನೆಂಟನೆಯ ದಿನಕ್ಕೆ ಅವಳ ಸೊಸೆ ಸುನಿತಾ ನಮ್ಮ ಮನೆಗೆ ಬಂದಳು.

"ಹನಮಕ್ಕಾ, ನಮ್ಮತ್ತಿಗೆ ಏನರ ಒಂದು ಕೆಲಸ ಹಚ್ಚಬೇ. ಹಸನ ಮಾಡಿದ ಅಕ್ಕಿ ಮೂರ ಸಲ ಹಸನ ಮಾಡಿದ್ರು. ನಿನ್ನೆ ನನ್ನ ಕುಂಡ್ರಿಸ್ಕೊಂಡು ತಲ್ಯಾಗಿನ ಬಿಳಿ ಕೂದಲಾ ಕೀಳಾಕ ಹತ್ತಿದ್ರು. ನನಗ ಇದ್ದದ್ದs ಐದಾರು. ಅವು ಮುಗದ ಮ್ಯಾಲೆ ಕರೇವಕ್ಕ ಕೈ ಹಾಕಿದ್ರು!"

ನಾನು ನಕ್ಕೆ. ಆದರೆ ಸಂಜೆ ಶೇಖವ್ವನನ್ನು ನೋಡಲು ಹೋದಾಗ ನಗು ಬರಲಿಲ್ಲ. ಕಟ್ಟೆಯ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೋ ಮರೆತು ಬಿಟ್ಟುಹೋದ ಕೈಗಳಂತೆ ಕಾಣುತ್ತಿದ್ದವು.

"ಹನಮವ್ವಾ, ಹೊರಗಿನ ಕೆಲಸ ಯಾವದರ ಇದ್ರ ಹೇಳ. ನಾಕ ಮಂದಿ ಕಣ್ಣಿಗೆ ಬೀಳೂವಂಥಾದ್ದು. ಮನ್ಯಾಗ ಕುಂತ್ರ ನಾ ದೀಪಾವಳಿ ನೋಡಾಕಿ ಅಲ್ಲ" ಎಂದಳು.

ಅದೇ ಹೊತ್ತಿಗೆ ನಮ್ಮ ಕೆರೆಗೆ ಶೃತಿ ಬಂದಳು.

ನಮ್ಮೂರ ಕೆರೆ ದೊಡ್ಡದು. ಆಷಾಢದ ಗಾಳಿಗೆ ಅದರಲ್ಲಿ ತೆರೆ ಏಳುತ್ತವೆ, ಎದ್ದು ಮೂಡಲ ದಂಡೆಗೆ ಬಡಿಯುತ್ತವೆ. ಬಡಿದಷ್ಟೂ ಮಣ್ಣು ಕುಸಿದು ನೀರಿಗೆ ಬೀಳುತ್ತದೆ. ಆ ದಂಡೆಯ ಮೇಲೆ ಹೊಲಕ್ಕೆ ಹೋಗುವ ದಾರಿಯಿದೆ. ನಾನು ಮದುವೆಯಾಗಿ ಬಂದಾಗ ಅಲ್ಲಿ ಚಕ್ಕಡಿ ಹೋಗುತ್ತಿತ್ತು. ಆಮೇಲೆ ಸೈಕಲ್ಲು. ಈಗ ಒಬ್ಬರ ಹಿಂದೆ ಒಬ್ಬರು, ಸೀರೆಯ ನೆರಿಗೆ ಎತ್ತಿಕೊಂಡು ಹೋಗುತ್ತೇವೆ. ಇದಕ್ಕೆ ಕಾರಣ ತೆರೆ ಎಂದೇ ನಾವು ತಿಳಿದಿದ್ದೆವು. ಪ್ರತಿ ವರ್ಷ ಶ್ರಾವಣ ಬರುವ ಮೊದಲು ದಂಡೆಯ ಹುಲ್ಲನ್ನು ಬುಡಸಹಿತ ಕಿತ್ತು ಲಕಲಕ ಮಾಡುತ್ತಿದ್ದವರು ನಾವೇ ಎಂಬುದು ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ.

ಶೃತಿ ಕುಮಟಾದ ಕಡೆಯ ಹುಡುಗಿ. ಅಲ್ಲಿ ಹೊಳೆ ಹೋಗಿ ಸಮುದ್ರ ಸೇರುವ ಕೆಸರಿನಲ್ಲಿ ಊರ ಜನರನ್ನು ಕೂಡಿಸಿಕೊಂಡು ಕಾಂಡ್ಲಾ ಎಂಬ ಗಿಡ ನೆಡುತ್ತಿದ್ದಳಂತೆ. ಈಗ ನಮ್ಮ ಕಡೆಯ ಕೆರೆಗಳ ದಂಡೆ ಉಳಿಸುವುದನ್ನು ಜನರಿಗೆ ಕಲಿಸಲು ಅವಳ ಸಂಸ್ಥೆಯವರು ಅವಳನ್ನು ಕಳಿಸಿದ್ದರು. ಅವಳ ಹತ್ತಿರ ಇದ್ದ ಚಿತ್ರಗಳೆಲ್ಲ ಸಮುದ್ರದವೇ. ಸಮುದಾಯ ಭವನದಲ್ಲಿ ನಮ್ಮನ್ನು ಕೂಡಿಸಿ ಗೋಡೆಗೆ ಅವನ್ನೇ ತೂಗುಹಾಕಿದಳು. ಒಂದರಲ್ಲಿ ಏಡಿ, ಒಂದರಲ್ಲಿ ದೋಣಿ, ಒಂದರಲ್ಲಿ ಬೇರುಗಳನ್ನೆಲ್ಲ ಹೊರಗೆ ಚಾಚಿಕೊಂಡು ನೀರಲ್ಲಿ ನಿಂತ ಗಿಡ.

ಮಾಸುಮಬಿ ಮೊದಲು ಬಾಯಿ ತೆಗೆದಳು. "ಅಕ್ಕೋರ, ಈ ಗಿಡದ ಬೇರ ಯಾಕ ಹೊರಗ ಅದಾವ್ರಿ? ನೆಟ್ಟಾಂವ ತಲಿಕೆಳಗ ನೆಟ್ಟಾನೇನು?"

"ಇಲ್ಲ ಅಮ್ಮ, ಅದು ಇರುವುದೇ ಹಾಗೆ" ಎಂದಳು ಶೃತಿ. "ತೆರೆ ಬಂದು ಬಡಿದಾಗ ಆ ಬೇರುಗಳ ನಡುವೆ ಸಿಕ್ಕಿ ಸುಸ್ತಾಗುತ್ತದೆ. ದಡಕ್ಕೆ ಬರುವಷ್ಟರಲ್ಲಿ ಅದಕ್ಕೆ ಜೋರಿರುವುದಿಲ್ಲ. ಮಣ್ಣು ಉಳಿಯುತ್ತದೆ."

ಅಂದಪ್ಪ ಎದ್ದು ನಿಂತ. ಅವನು ಕೆರೆ ಸಮಿತಿಯ ಅಧ್ಯಕ್ಷ. ಎಂಥ ಕೆಸರಿರಲಿ, ಬಿಳಿ ಧೋತರ ಮತ್ತು ಕಿರ್ರೆನ್ನುವ ಚರ್ಮದ ಚಪ್ಪಲಿ ಬಿಟ್ಟು ಹೊರಗೆ ಬಂದವನಲ್ಲ. "ಅಲ್ರಿ, ಗಿಡ ಯಾಕ? ಸಮುದ್ರಕ್ಕ ಒಂದು ಒಡ್ಡ ಹಾಕಿ ಕಲ್ಲ ಹೊಂದಿಸಿಬಿಟ್ರ ಮುಗದಹೋತು. ನಾ ಇದನ್ನ ಮೊದಲಿಂದ ಹೇಳ್ಕೋತ ಬಂದೀನಿ."

"ಯಾರಿಗೆ ಹೇಳಿದಿಪಾ? ಸಮುದ್ರಕ್ಕ?" ಎಂದಳು ಮಾಸುಮಬಿ.

ಶೃತಿ ನಗುತ್ತಲೇ ಹೇಳಿದಳು. ಅವರ ಊರಲ್ಲೂ ಒಂದು ಕಡೆ ಕಲ್ಲಿನ ಗೋಡೆ ಕಟ್ಟಿದ್ದರಂತೆ. ಸಮುದ್ರ ಕಲ್ಲನ್ನು ಮುಟ್ಟಲಿಲ್ಲ, ಕಲ್ಲಿನ ಕೆಳಗಿನ ಮರಳನ್ನು ಎಳೆದುಕೊಂಡಿತು. ಮೂರನೆಯ ಮಳೆಗಾಲಕ್ಕೆ ಗೋಡೆ ಅಂಡೂರಿ ಕೂತಿತಂತೆ. ಪಕ್ಕದ ಕಾಂಡ್ಲಾ ಗಿಡಗಳು ಹಾಗೇ ನಿಂತಿದ್ದವು.

"ನಿಮ್ಮ ಕೆರೆಯಲ್ಲಿ ಕಾಂಡ್ಲಾ ಬರುವುದಿಲ್ಲ. ಬೇಡ. ನೀರಿನ ಅಂಚಿಗೆ ಆಪು ಎಂಬ ಜೊಂಡು ನೆಡೋಣ, ಅದರ ಮೇಲ್ಗಡೆ ಲಾವಂಚ. ಮಿಕ್ಕಿದ್ದು ತಾನಾಗಿ ಏನು ಹುಟ್ಟುತ್ತದೋ ಹುಟ್ಟಲಿ. ಒಂದೇ ಮಾತು, ಯಾವುದನ್ನೂ ಕೀಳಬಾರದು."

ಇಷ್ಟು ದಿನ ತಲೆ ಬಾಚಬೇಡಿ, ಮುಖ ತೊಳೆಯಬೇಡಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಇದು ಅಂಥದ್ದೇ ಮಾತು. ಶೇಖವ್ವ ಗೋಡೆ ಹಿಡಿದು ಮೆಲ್ಲಗೆ ಎದ್ದಳು.

"ಕಸ ಬಿಡೂದು? ಕಂಡ ಮ್ಯಾಲೂ? ಬೇಕಂತ?"

"ಹೌದು ಅಜ್ಜಿ. ಬೇಕೆಂದೇ."

"ಮಂದಿ ನೋಡಿದ್ರ ಏನಂದಾರು?"

"ದಂಡೆ ಗಟ್ಟಿ ಇದೆ ಅನ್ನುತ್ತಾರೆ."

ಶೇಖವ್ವ ಕೂತಳು. ಪಕ್ಕದಲ್ಲಿದ್ದ ನನಗೆ, "ಈ ಹುಡುಗಿಗೆ ಅವ್ವ ಇಲ್ಲೇನು?" ಎಂದು ಕಿವಿಯಲ್ಲಿ ಕೇಳಿದಳು.

ಆದರೂ ಮುಂಗಾರು ಹದವಾಗಿ ಬಿದ್ದ ವಾರ ಎಲ್ಲರೂ ಕೂಡಿ ಮುನ್ನೂರು ಹೆಜ್ಜೆ ದಂಡೆಗೆ ಆಪು, ಲಾವಂಚ ನೆಟ್ಟೆವು. ನೆಟ್ಟದ್ದನ್ನು ದನ ತಿನ್ನದ ಹಾಗೆ, ಯಾರೂ ತುಳಿಯದ ಹಾಗೆ ಕಾಯಲು ಒಬ್ಬರು ಬೇಕಾಯಿತು. ಸಮಿತಿಯ ಪುಸ್ತಕ ಬರೆಯುವವಳು ನಾನು. ಸಭೆಯಲ್ಲಿ ನಾನೇ ಶೇಖವ್ವನ ಹೆಸರು ಹೇಳಿದೆ. ಅವಳ ಒಂದು ಕೂಗಿಗೆ ಎಮ್ಮೆಗಳಿರಲಿ, ಎಮ್ಮೆ ಕಾಯುವವರೂ ತಿರುಗಿ ಹೋಗುತ್ತಾರೆ.

ಅಂದಪ್ಪ ಬಿದ್ದು ಬಿದ್ದು ನಕ್ಕ. "ಕುರಿ ಕಾಯಾಕ ತ್ವಾಳನ್ನ ಇಟ್ಟಂಗಾತಲ್ಲಬೇ! ಎರಡ ದಿನದಾಗ ದಂಡಿ ಬೋಳಾಗಿರತೈತಿ."

"ಏ ತಮ್ಮಾ" ಎಂದಳು ಶೇಖವ್ವ, "ಕೆರಿ ತಾಯಿ ಆಣಿ. ಒಂದು ಎಸಳ ನಾ ಮುಟ್ಟೂದಿಲ್ಲ."

"ಮುಟ್ಟಿದ್ರ?"

"ಮುಟ್ಟಿದ್ರ ಮನ್ಯಾಗ ಕುಂತು ಬತ್ತಿ ಹೊಸಿತೀನಿ. ಹೊರಗಿನ ಕೆಲಸ ಅಂತ ಬಾಯಿ ತಗಿಯೂದಿಲ್ಲ."

ಹೀಗೆ ಮಾತಾಯಿತು. ಶ್ರಾವಣದ ಕಡೆಯ ಶನಿವಾರ ಶೃತಿ ಮತ್ತು ಸಮಿತಿಯವರು ಬಂದು ನೋಡುವುದು. ದಂಡೆ ನಿಂತಿದ್ದರೆ ಶೇಖವ್ವ ಕಾಯಂ ಕಾವಲು. ಇಲ್ಲವಾದರೆ ಮನೆ, ಬತ್ತಿ, ಸೊಸೆಯ ತಲೆ. ಅವಳಿಗೆ ಒಂದು ಸೀಟಿ ಮತ್ತು ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ನೆಟ್ಟ ಜಾಗಕ್ಕೆ ಯಾರೇ ಇಳಿದರೂ ಕಾವಲಿನವರು ತೋರಿಸಿದಲ್ಲಿ ಮಾತ್ರ ಕಾಲಿಡಬೇಕೆಂದು ಸಮಿತಿ ಒಪ್ಪಿತು.

ಮೊದಲ ವಾರ ಅವಳನ್ನು ನೋಡಲು ಕಣ್ಣು ಸಾಲದು. ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು, ಮುಖವನ್ನು ಆಕಾಶಕ್ಕೆ ಮಾಡಿ ಕೂತಿರುತ್ತಿದ್ದಳು. ಕಣ್ಣು ಕೆಳಗೆ ಬಿದ್ದರೆ ಕೈ ಹೊರಗೆ ಬರುತ್ತದೆಂಬ ಹೆದರಿಕೆ. ಎರಡನೆಯ ವಾರ ಮನೆಯಿಂದ ಬೆಳ್ಳುಳ್ಳಿ ತಂದು ಸುಲಿಯತೊಡಗಿದಳು. ಅದು ಮುಗಿಯಿತು. ಶೇಂಗಾ ಒಡೆದಳು, ಅದೂ ಮುಗಿಯಿತು. ಆಮೇಲೆ ಓಣಿಯವರೆಲ್ಲ ಹೊಲಕ್ಕೆ ಹೋಗುವಾಗ ತಮ್ಮ ತಮ್ಮ ಬೆಳ್ಳುಳ್ಳಿ, ಶೇಂಗಾ, ಅವರೆಕಾಯಿಯನ್ನು ಅವಳ ಬುಟ್ಟಿಗೆ ಹಾಕಿ, ಬರುವಾಗ ಸುಲಿದದ್ದನ್ನು ಒಯ್ಯುವ ರೂಢಿಯಾಯಿತು. ಆ ತಿಂಗಳು ನಮ್ಮ ಓಣಿಯಲ್ಲಿ ಬೆಳ್ಳುಳ್ಳಿ ಸುಲಿದ ಸೊಸೆ ಒಬ್ಬಳೂ ಇಲ್ಲ.

ಕೈಗೆ ದಾರಿಯಾಯಿತು, ಬಾಯಿಗೆ ಆಗಲಿಲ್ಲ. ಕಸದ ಜೊತೆ ಮಾತಾಡುವುದು ಸುರುವಾಯಿತು.

"ಬೆಳಿ, ಬೆಳಿ" ಎಂದು ಕರಿಕೆ ಹುಲ್ಲಿಗೆ ಹೇಳುತ್ತಿದ್ದಳು. "ನಿನ್ನ ನಸೀಬ ಛಲೋ ಐತಿ, ನಾ ನಿನ್ನ ಕಾವಲು. ಹೊಲದಾಗ ಒಮ್ಮೆ ಸಿಗು, ತೋರಸ್ತೀನಿ." ಜೇಕಿಗೆ, "ನೀ ಏನ ನಗತಿ? ನಿಮ್ಮವ್ವನ್ನ ಕಿತ್ತಾಕಿ ನಾನ." ಹೊನಗೊನ್ನೆಗೆ ಮಾತ್ರ ಸ್ವಲ್ಪ ಮರ್ಯಾದೆ, ಅದನ್ನು ಪಲ್ಯ ಮಾಡಬಹುದು.

ಆದರೆ ಐದು ವಾರಕ್ಕೆ ದಂಡೆ ಹಸಿರಾಯಿತು. ಆಪು ಎದೆ ಮಟ್ಟ ಬಂತು. ಅದರ ಹಿಂದೆ ಕರಿಕೆ, ಜೇಕು, ಹೊನಗೊನ್ನೆ ಒಂದರೊಳಗೊಂದು ಹೆಣೆದುಕೊಂಡು ಕಂಬಳಿಯಂತೆ ಹಾಸಿದವು. ಗಾಳಿಗೆ ಎದ್ದ ತೆರೆ ಆಪಿನೊಳಗೆ ಹೊಕ್ಕು ಸೊಸ್ಸೆಂದು ಸತ್ತುಹೋಗುತ್ತಿತ್ತು. ದಾರಿಯ ಅಂಚಿನ ಕಲ್ಲಿನಿಂದ ದಂಡೆಯ ತುದಿಗೆ ಶೇಖವ್ವ ದಿನಾ ಮುಂಜಾನೆ ಗೇಣು ಹಾಕುತ್ತಿದ್ದಳು. "ನೆಟ್ಟ ದಿನ ನಾಕ ಗೇಣ ಇತ್ತು. ಇವತ್ತೂ ನಾಕ ಗೇಣ ಐತಿ" ಎಂದು ಹೋಗಿ ಬರುವವರಿಗೆಲ್ಲ ಹೇಳುವಳು. ಕೇಳದವರಿಗೆ ಸೀಟಿ ಊದಿ ನಿಲ್ಲಿಸಿ ಹೇಳುವಳು. ಅವಳ ಮುಖದಲ್ಲಿ ಮೊದಲಿನ ಕಳೆ ತಿರುಗಿ ಬಂದಿತ್ತು.

ಕಡೆಯ ಶನಿವಾರಕ್ಕೆ ಎರಡು ದಿನ ಉಳಿದಿತ್ತು. ಗುರುವಾರ ನಾವು ಒಂಬತ್ತು ಮಂದಿ ಉಳ್ಳಾಗಡ್ಡಿ ಹೊಲದ ಕೆಲಸ ಮಧ್ಯಾಹ್ನಕ್ಕೇ ಮುಗಿಸಿ ದಂಡೆಯ ಮೇಲೆ ಬರುತ್ತಿದ್ದೆವು. ಮಾಸುಮಬಿ ಗಕ್ಕನೆ ನಿಂತಳು.

"ಯಾ ಅಲ್ಲಾ! ನೋಡ್ರೇ ಇಲ್ಲೆ. ನಾವು ನೆಟ್ಟ ಲಾವಂಚ ಕಸದಾಗ ಮುಚ್ಚೇಹೋಗೈತಿ. ನಾಡಿದ್ದ ಸಮಿತ್ಯಾವರು ಬರ್ತಾರ. ಶೇಖವ್ವನ ಮಾನ ಏನ ಉಳೀತೈತಿ?"

ನಾವೆಲ್ಲ ನೋಡಿದೆವು. ಖರೆ ಹೇಳುತ್ತೇನೆ, ಶೃತಿಯ ಪಾಠ ನಮಗೆ ನೆನಪಿತ್ತು. ಆದರೆ ಅದನ್ನು ನಾವು ನಮ್ಮ ಬುದ್ಧಿಗೆ ಹೊಂದಿಸಿಕೊಂಡಿದ್ದೆವು. ನೆಟ್ಟದ್ದು ಬೆಳೆ, ಬೆಳೆಯನ್ನು ಕೀಳಬಾರದು, ಅದು ಸರಿ. ಬೆಳೆಯ ನಡುವೆ ಹುಟ್ಟಿದ್ದು ಕಸ. ಕಸ ತೆಗೆಯದ ಬೆಳೆ ಎಲ್ಲಿಯಾದರೂ ಉಂಟೇ? ಪಾಪ, ಶೇಖವ್ವನ ಕಾಲು ನೋವು, ಅವಳಿಗೆ ತೆಗೆಯಲು ಆಗಿಲ್ಲ, ಅಭಿಮಾನಕ್ಕೆ ಯಾರಿಗೂ ಹೇಳಿಲ್ಲ ಎಂದುಕೊಂಡೆವು. ನಮ್ಮಲ್ಲಿ ಮುಯ್ಯಾಳು ಎಂದಿದೆ. ನನ್ನ ಹೊಲಕ್ಕೆ ನೀನು ಒಂದು ದಿನ ಬಂದರೆ ನಿನ್ನ ಹೊಲಕ್ಕೆ ನಾನು ಒಂದು ದಿನ ಬರುವುದು. ಶೇಖವ್ವನ ಮುಯ್ಯಿ ನಮ್ಮ ಒಂಬತ್ತು ಮಂದಿಯ ಮೇಲೂ ಇತ್ತು. ಸೆರಗು ಸಿಕ್ಕಿಸಿಕೊಂಡು ಕೂತೆವು.

ಶೇಖವ್ವ ಆಗ ಆ ತುದಿಯಲ್ಲಿ ಎಮ್ಮೆ ಅಟ್ಟುತ್ತಿದ್ದಳು. ನಮ್ಮನ್ನು ಕಂಡು ಸೀಟಿ ಊದುತ್ತ, ಕಾಲೆಳೆಯುತ್ತ, ಕುರ್ಚಿಯನ್ನು ಊರುಗೋಲಿನಂತೆ ಊರುತ್ತ ಬಂದಳು.

"ಏಯ್! ಏಯ್! ಮುಟ್ಟಬ್ಯಾಡ್ರೇ! ಬಿಡ್ರಿ ಅದನ್ನ!"

"ಸುಮ್ನಿರಬೇ" ಎಂದೆ ನಾನು. "ಮುಯ್ಯಿಗೆ ಬ್ಯಾಡ ಅನಬಾರದು."

"ಅಕ್ಕೋರು ಕೀಳಬ್ಯಾಡ ಅಂದಾರ!"

"ಅಕ್ಕೋರು ಉಪ್ಪನೀರಿನ ಮಂದಿ" ಎಂದಳು ಮಾಸುಮಬಿ, ಕೀಳುತ್ತಲೇ. "ಕಸದ ಕಾಟ ಆಕಿಗೇನ ಗೊತ್ತು? ಏಡಿ ಬಗ್ಗೆ ಕೇಳು, ಹೇಳ್ತಾಳ."

ಶೇಖವ್ವ ಇನ್ನೊಮ್ಮೆ ಸೀಟಿ ಬಾಯಿಗಿಟ್ಟಳು. ಊದಲಿಲ್ಲ. ಅವಳ ಕಣ್ಣು ಮಾಸುಮಬಿಯ ಕೈಯ ಮೇಲೆ ನಿಂತಿತ್ತು. ಮಾಸುಮಬಿ ಅವಸರದಲ್ಲಿ ಮೇಲಿನ ಹುಲ್ಲನ್ನಷ್ಟೇ ಕಿತ್ತು ಒಗೆಯುತ್ತಿದ್ದಳು.

"ಮಾಸುಮಬಿ."

"ಏನ?"

"ಬೇರ ಒಳಗs ಬಿಟ್ಟಿ."

"ಬಿಟ್ರ ಬಿಟ್ಟೆ. ಎಷ್ಟಂತ ಕೀಳೂದು?"

"ಮೊದಲನೇ ಸಾಲ ಹಿಡದಾಕಿ ಹಿಂಗ ಕೀಳ್ತಾಳೇನಲೇ?"

"ನನಗ ಇಷ್ಟs ಬರೂದು. ನಿನಗ ಬಂದ್ರ ನೀ ತೋರಸಲಾ!"

ಆ ಮಾತು ಆಡಬಾರದಿತ್ತು. ಶೇಖವ್ವ ಸೀಟಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಕುರ್ಚಿಯನ್ನು ಸಾಲಿನ ತಲೆಗೆ ಒಯ್ದು ಇಟ್ಟಳು, ಅದರ ಮೇಲೆ ಕೂತಳು, ಬಗ್ಗಿದಳು. "ಸರಿ ಅತ್ಲಾಗ. ನೋಡಿಲ್ಲೆ, ಬುಡಕ್ಕ ಬಟ್ಟ ಹಾಕಬೇಕು, ಹಿಂಗ, ತಿರುವಿ..."

ಕುರ್ಚಿಯ ಮೇಲೆ ಕೂತು ಬಗ್ಗಿದರೆ ಮೊಣಕಾಲಿಗೆ ನೋವೇ ಇಲ್ಲವೆಂಬುದು ಅಂದು ತಿಳಿಯಿತು. ಒಂದು ಮಾರು ಕೀಳುವುದು, ಕುರ್ಚಿ ಮುಂದೆ ಸರಿಸುವುದು, ಮತ್ತೆ ಕೀಳುವುದು. ನಾವು ಹಿಂದೆ. ಹಳೆಯ ದಿನಗಳು ತಿರುಗಿ ಬಂದ ಹಾಗಾಯಿತು. ಹಾಡು ಹೇಳಿದೆವು, ಒಬ್ಬರನ್ನೊಬ್ಬರು ಆಡಿಕೊಂಡೆವು, ಎಲೆ ಅಡಿಕೆ ಹಂಚಿದೆವು. ಹೊತ್ತು ಮುಳುಗುವ ಮೊದಲು ಮುನ್ನೂರು ಹೆಜ್ಜೆ ದಂಡೆ ಸಾರಿಸಿದ ಅಂಗಳದಂತೆ ಹೊಳೆಯುತ್ತಿತ್ತು. ಆಪು, ಲಾವಂಚ ಬಿಟ್ಟು ಒಂದು ಎಸಳಿಲ್ಲ. ಕಿತ್ತ ಕಸ ದಾರಿಯ ಬದಿಗೆ ಉದ್ದಕ್ಕೂ ಗುಡ್ಡೆ ಗುಡ್ಡೆ.

ಶೇಖವ್ವ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಹಿಂತಿರುಗಿ ನೋಡಿದಳು. ಮೊದಲು ಅವಳ ಮುಖದಲ್ಲಿ ನಗು ಬಂತು. ಆಮೇಲೆ ಅದು ಮೆಲ್ಲಗೆ ಇಳಿಯಿತು.

"ಯವ್ವಾ" ಎಂದಳು. "ನಾ ಏನ ಮಾಡಿದೆ."

ಅಂದು ರಾತ್ರಿ ಮಳೆ ಬಂತು, ಗಾಳಿಯೂ ಬಂತು. ಶುಕ್ರವಾರ ಮುಂಜಾನೆ ನಾನು ಹೋದಾಗ ಅವಳು ಕಲ್ಲಿನ ಹತ್ತಿರ ಬಗ್ಗಿ ಗೇಣು ಹಾಕುತ್ತಿದ್ದಳು. ಸಡಿಲಾಗಿದ್ದ ಮಣ್ಣು ಜಾರಿ ನೀರಿಗೆ ಬಿದ್ದಿತ್ತು. ಮೂರು ಗೇಣು. ನಾಲ್ಕು ಸಲ ಅಳೆದಳು, ಮೂರೇ ಬಂತು.

ಒಂಬತ್ತು ಮಂದಿ ಸುತ್ತ ನಿಂತೆವು. ತಪ್ಪು ನಮ್ಮದು, ಶಿಕ್ಷೆ ಅವಳಿಗೆ. ಮಾಸುಮಬಿಗೆ ಒಂದು ಉಪಾಯ ಹೊಳೆಯಿತು. "ಆಡ ಬಂದು ತಿಂದಾವ ಅನ್ನೂಣು."

ಶೇಖವ್ವ ಅವಳನ್ನು ನೋಡಿದಳು. "ಆಡು ಬೇರ ಸಹಿತ ಕಿತ್ತು, ಮಣ್ಣ ಝಾಡಿಸಿ, ಗುಡ್ಡಿ ಹಾಕಿ ಹೋಗ್ತಾವೇನಬೇ?"

"ಶಾಣ್ಯಾ ಆಡು ಇದ್ರ ಹಾಕ್ತಾವ."

ಯಾರೂ ನಗಲಿಲ್ಲ.

ಶನಿವಾರ ಶೃತಿ ಬಂದಳು. ಅವಳ ಹಿಂದೆ ಅಂದಪ್ಪ, ಬಿಳಿ ಧೋತರ, ಕಿರ್ರೆನ್ನುವ ಚಪ್ಪಲಿ, ಕೈಯಲ್ಲಿ ಒಂದು ಹಾಳೆ. ಶೃತಿ ದಂಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು, ಆ ತುದಿಯಿಂದ ಈ ತುದಿಗೆ ನೋಡಿದಳು, ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ಬಾಯಿ ತೆಗೆಯುವ ಮೊದಲೇ ಶೇಖವ್ವ ಮುಂದೆ ಬಂದಳು.

"ಅಕ್ಕೋರ, ಮೊನ್ನೆ ನಾನ ಕಿತ್ತೀನ್ರಿ. ಇವರು ಸುರು ಮಾಡಿದ್ರು. ಖರೆ, ಇವರಿಗೆ ಬಿಟ್ಟಿದ್ರ ಬೇರ ಉಳೀತಿತ್ತು. ಬೇರ ಕಿತ್ತಾಕಿ ನಾನ."

ತಪ್ಪೊಪ್ಪುವಾಗಲೂ ಕೆಲಸದ ಅಭಿಮಾನ ಬಿಡಲಿಲ್ಲ.

"ನಾ ಮೊದಲs ಹೇಳಿದ್ನಿಲ್ಲೋ!" ಎಂದ ಅಂದಪ್ಪ. "ಎಲ್ಲಾರೂ ಕೇಳ್ರಿ, ಠರಾವು ಬರಕೊಂಡs ಬಂದೀನಿ."

ಶೃತಿ ಅವನ ಮಾತಿಗೆ ಕಿವಿಗೊಡಲಿಲ್ಲ. ಕಸದ ಗುಡ್ಡೆಗೆ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡಿದ್ದಳು. "ಇದನ್ನು ಕಿತ್ತು ಎರಡು ದಿನವಾಯಿತಲ್ಲ? ಇನ್ನೂ ಹಸಿರಾಗಿದೆ. ಹೊಸ ಬೇರು ಬಿಡ್ತಾ ಇದೆ. ಸತ್ತಿಲ್ಲವಾ?"

ನಾವು ಒಂಬತ್ತು ಮಂದಿ ಒಮ್ಮೆಗೇ ನಕ್ಕೆವು.

"ಕರಿಕಿ ಸಾಯೂದಾ?" ಎಂದಳು ಮಾಸುಮಬಿ. "ಅಕ್ಕೋರ, ಅದನ್ನ ಬಿಸಲಾಗ ಒಣಗಿಸಿ, ಹೊರಿ ಕಟ್ಟಿ, ಅಟ್ಟದ ಮ್ಯಾಲೆ ಒಗದ್ರೂ ಮಳಿ ಸಪ್ಪಳಕ್ಕ ಕಣ್ಣ ತಗೀತೈತಿ."

"ಜೇಕು ಅದರಪ್ಪ" ಎಂದೆ ನಾನು. "ಒಂದು ಗಡ್ಡಿ ಉಳದ್ರ ನಾಳೆ ಮದವಿ ಮಾಡ್ಕೊಂಡು ನೂರ ಮಂದಿ ಆಗಿರತಾವ."

ಆಮೇಲೆ ಎಲ್ಲರೂ ತಮ್ಮ ತಮ್ಮ ವೈರಿಯ ಸುದ್ದಿ ಹೇಳತೊಡಗಿದರು. ಯಾವುದರ ಬೇರು ಎಷ್ಟು ಆಳ, ಯಾವುದು ನೀರಲ್ಲಿ ಮುಳುಗಿದರೂ ಕೊಳೆಯುವುದಿಲ್ಲ, ಯಾವುದನ್ನು ಕೀಳುವಾಗ ಗೇಣು ಮಣ್ಣು ಕಚ್ಚಿಕೊಂಡೇ ಬರುತ್ತದೆ. ಶೃತಿ ಚೀಲದಿಂದ ವಹಿ ತೆಗೆದು ಬರೆದುಕೊಳ್ಳತೊಡಗಿದಳು. "ನಾವು ಕಾಂಡ್ಲಾ ನೂರು ನೆಟ್ಟರೆ ಐವತ್ತು ಸಾಯುತ್ತಿದ್ದವು. ನಿಮ್ಮ ಹತ್ತಿರ ಸಾಯಿಸಿದರೂ ಸಾಯದ್ದು ಇದೆ, ನೀವು ಒಬ್ಬರೂ ನನಗೆ ಹೇಳಲಿಲ್ಲ!"

"ನೀವು ಕೇಳಲಿಲ್ರಿ" ಎಂದಳು ಶೇಖವ್ವ. ಅಷ್ಟು ಹೇಳಿ ಗುಡ್ಡೆಯಿಂದ ಒಂದು ತೆಕ್ಕೆ ಕಸ ಎತ್ತಿ ಉಡಿಗೆ ಹಾಕಿಕೊಂಡು, ಕುರ್ಚಿ ಹಿಡಿದು ದಂಡೆಗೆ ಇಳಿದಳು.

ಅವಳು ನೆಡತೊಡಗಿದಳು. ಬಟ್ಟಿನಿಂದ ಕೆಸರಿಗೆ ಒಂದು ತೂತು, ಅದರಲ್ಲಿ ಒಂದು ಕರಿಕೆಯ ಗೆಣ್ಣು, ಮೇಲೊಂದು ಗುದ್ದು. ಕೀಳುವುದರಲ್ಲಿ ಇದ್ದ ಜಲ್ದಿಯೇ ನೆಡುವುದರಲ್ಲೂ. ನಾವೂ ಉಡಿ ತುಂಬಿಕೊಂಡು ಇಳಿದೆವು. ಹುಟ್ಟಿದಾಗಿನಿಂದ ನಾನು ಕಸ ನೆಟ್ಟವಳಲ್ಲ. ಯಾರಾದರೂ ನೋಡಿಯಾರೆಂದು ಮೊದಮೊದಲು ನಾಚಿಕೆಯಾಯಿತು.

ಅಂದಪ್ಪನಿಗೆ ಮಾತ್ರ ತನ್ನ ಠರಾವಿನದೇ ಚಿಂತೆ. ಕೇಳುವವರೆಲ್ಲ ಕೆಳಗಿಳಿದ ಮೇಲೆ ಅವನೂ ಇಳಿದ. ಧೋತರ ಎತ್ತಿ ಹಿಡಿದು ನಮ್ಮ ನಡುವೆ ನಿಂತು ಓದತೊಡಗಿದ. ಶೇಖವ್ವ ನೆಡುತ್ತ ನೆಡುತ್ತ ಅವನ ಕಾಲ ಬುಡಕ್ಕೆ ಬಂದಳು.

"ತಮ್ಮಾ, ಕಾಲ ಸರಸು."

"ಓದೂದು ಮುಗಿಯೂತನಾ ಸರಸೂದಿಲ್ಲ. ಇದು ಸಭಾ ಐತಿ."

"ಆತಪಾ" ಎಂದು ಅವಳು ಅವನ ಸುತ್ತಲೂ ನೆಟ್ಟುಕೊಂಡು ಹೋದಳು. ಆ ಕಡೆಯಿಂದ ಮಾಸುಮಬಿಯ ಸಾಲು ಬಂತು, ಈ ಕಡೆಯಿಂದ ನನ್ನದು. ಅಂದಪ್ಪನ ಠರಾವು ಉದ್ದವಿತ್ತು. ಕೆರೆಯ ಇತಿಹಾಸದಿಂದ ಸುರುವಾಗಿ, ತಾನು ಮೊದಲೇ ಹೇಳಿದ್ದ ಮಾತುಗಳೆಲ್ಲ ಸಾಲಾಗಿ ಬಂದು, ಕೊನೆಗೆ, "ಆದ್ದರಿಂದ ಶೇಖವ್ವನನ್ನು ಇಂದಿನಿಂದ ಕಾವಲಿನ ಕೆಲಸದಿಂದ ತೆಗೆಯಲಾಗಿದೆ" ಎಂದು ಮುಗಿಯಿತು. ಮುಗಿಸಿ, ಹಾಳೆ ಮಡಚಿ, ಹೋಗಲು ಕಾಲೆತ್ತಿದ.

"ಏಯ್! ಇಡಬ್ಯಾಡ ಕಾಲ!" ಎಂದು ಕೂಗಿದಳು ಶೇಖವ್ವ. "ಅಲ್ಲೆ ಕರಿಕಿ ಐತಿ."

ಅವನು ಬಲಕ್ಕೆ ತಿರುಗಿದ. ಜೇಕು. ಎಡಕ್ಕೆ, ಹೊನಗೊನ್ನೆ. ಹಿಂದೆ ನೋಡಿದ, ಇಡೀ ದಂಡೆ ಹೊಸದಾಗಿ ನೆಟ್ಟಿತ್ತು. ಮುಂದೆ ಕೆರೆ. ಒಂಟಿ ಕಾಲಲ್ಲಿ ನಿಂತು ಶೃತಿಯ ಕಡೆ ನೋಡಿದ.

"ಬೇರು ಹಿಡಿಯುವ ತನಕ ತುಳಿಯಬಾರದು" ಎಂದಳು ಶೃತಿ, ಬಾಯಿಗೆ ಕೈ ಅಡ್ಡ ಹಿಡಿದು. "ಕಾವಲಿನವರು ದಾರಿ ತೋರಿಸಿದಲ್ಲಿ ಮಾತ್ರ ಕಾಲಿಡಬೇಕು. ಅದನ್ನು ನೀವೇ ಸಮಿತಿಯಲ್ಲಿ ಒಪ್ಪಿದ್ದೀರಿ."

"ಹಂಗಾರ ಕಾವಲದಾಕಿನ್ನ ಕೇಳ್ರಿ!"

"ಕಾವಲದಾಕಿ ಎಲ್ಲಿ ಅದಾಳಪಾ?" ಎಂದಳು ಮಾಸುಮಬಿ. "ಈಗs ತಗದಿ. ಹೊಸಬರು ಬರೂತನಾ ನಿಂದರು."

ಅಂದಪ್ಪ ನಿಂತ. ಎತ್ತಿದ ಕಾಲಿನ ಜಾಗಕ್ಕೂ ಮಾಸುಮಬಿ ಆಗಲೇ ಒಂದು ಗೆಣ್ಣು ಒತ್ತಿದ್ದಳು, ಆ ಕಾಲನ್ನು ಇನ್ನೊಂದು ಕಾಲಿನ ಮೇಲೆಯೇ ಇಟ್ಟುಕೊಂಡ. ಕೆಳಗಿನ ಕಾಲು ಮೆಲ್ಲಮೆಲ್ಲಗೆ ಕೆಸರಿಗೆ ಇಳಿಯತೊಡಗಿತು. ಹಿಮ್ಮಡಿ ಹೋಯಿತು, ಹರಡು ಹೋಯಿತು, ಧೋತರದ ಅಂಚು ಕೆಸರು ಮುಟ್ಟಿತು. ಶೇಖವ್ವ ಅವನ ಕಡೆ ನೋಡದೆ ತನ್ನ ಸಾಲಿನ ಕೊನೆಯ ಗೆಣ್ಣುಗಳನ್ನು ಒತ್ತುತ್ತಿದ್ದಳು.

"ಹನಮಕ್ಕಾ" ಎಂದು ಅವನು ನನ್ನನ್ನು ಕರೆದ. "ಪುಸ್ತಕ ತಗಿಬೇ. ಬರಿ."

ನಾನು ಕೈ ಒರೆಸಿಕೊಂಡು ಪುಸ್ತಕ ತೆಗೆದೆ. "ಏನಂತ ಬರೀಲಿ?"

"ತಗದಿಲ್ಲ ಅಂತ."

ಶೇಖವ್ವ ಈಗ ತಲೆಯೆತ್ತಿದಳು. "ಮಳಿಗಾಲ ಮುಗಿಯೂತನಾನೋ, ಕಾಯಮ್ಮೋ?"

"ಕಾಯಂ! ಕಾಯಂ ಅಂತ ಬರಿ ನಮ್ಮವ್ವಾ, ಮೊಣಕಾಲಿಗೆ ಬಂತು!"

ಬರೆದೆ. ಅವನು ನಿಂತಲ್ಲಿಂದಲೇ ಕೈ ಚಾಚಿ ಸಹಿ ಮಾಡಿದ. ಸಹಿ ಸ್ವಲ್ಪ ಕೆಳಕ್ಕೆ ಜಾರಿದೆ, ಈಗಲೂ ಪುಸ್ತಕದಲ್ಲಿ ನೋಡಬಹುದು.

ಶೇಖವ್ವ ಕುರ್ಚಿಯನ್ನು ಎರಡು ಸಾಲಿನ ನಡುವೆ ಹುಷಾರಾಗಿ ಊರಿ, ಅದರ ಮೇಲೆ ಕೂತು, ಅವನ ಎರಡೂ ರಟ್ಟೆ ಹಿಡಿದಳು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುವಿ ಎಳೆದಳು. ಪೊಳಕ್ ಎಂದು ಅಂದಪ್ಪ ಬುಡಸಹಿತ ಬಂದ. ಅವಳು ತೋರಿಸಿದ ಕಲ್ಲು, ಅವಳು ತೋರಿಸಿದ ಸಂದಿ, ಹೀಗೆ ಹಾರಿ ಹಾರಿ ದಾರಿಗೆ ಹತ್ತಿದ. ಹತ್ತಿದ ಮೇಲೆ ಕಾಲು ನೋಡಿಕೊಂಡ. ಒಂದರಲ್ಲಿ ಚಪ್ಪಲಿ ಇರಲಿಲ್ಲ.

"ಯಕ್ಕಾ, ನನ್ನ ಚಪ್ಲಿ ಅಲ್ಲೇ ಉಳೀತು. ತಗದುಕೊಡು."

ಶೇಖವ್ವ ಕೆಸರಿನ ತೂತನ್ನು ನೋಡಿದಳು. ಅವಳ ಕೈ ಒಮ್ಮೆ ಮುಂದೆ ಹೋಯಿತು. ಅಲ್ಲಿಯೇ ನಿಂತಿತು. ಆಮೇಲೆ ಉಡಿಯಿಂದ ಒಂದು ಕರಿಕೆಯ ಗೆಣ್ಣು ತೆಗೆದು ಆ ತೂತಿನ ಬಾಯಿಗೆ ಒತ್ತಿದಳು.

"ಈಗ ಬ್ಯಾಡ ತಮ್ಮಾ. ಕಿತ್ರ ಮಣ್ಣ ಸಡ್ಲ ಆಕ್ಕೈತಿ. ಬ್ಯಾಸಗಿಗೆ ನೀರ ಇಳದ ಮ್ಯಾಲೆ ನೋಡೂಣು."

ಅಂದಪ್ಪ ಒಂದು ಚಪ್ಪಲಿಯಲ್ಲಿ ಮನೆಗೆ ಹೋದ. ಒಂದು ಹೆಜ್ಜೆಗೆ ಕಿರ್ರೆನ್ನುತ್ತಿತ್ತು, ಇನ್ನೊಂದಕ್ಕೆ ಇಲ್ಲ.